ಊಟ ಅದೇ ಇರಲಿ, ಹೊತ್ತು ಬದಲಿಸಿ

ಹಾಸನದಿಂದ ರೆಡಿಂಗ್‌ಗೆ ಬರುತ್ತಿದ್ದೇವೆ, ಮಗನಿಗೆ ಆರು, ಮಗಳಿಗೆ ಮೂರು ವರ್ಷ, ಇಂಗ್ಲೆಂಡಿಗೆ ಬಂದರೆ ಮಕ್ಕಳು ಮನೆ ಊಟ ಬಿಟ್ಟು ಬರೀ ಪಿಜ್ಜಾ, ಜ್ಯೂಸು ಅಂತ ಶುರು ಮಾಡುತ್ತಾರಾ ಎಂದು ಕೇಳಿದ್ದೀರಿ. ನಾನು ಇಲ್ಲಿಗೆ ಬಂದು ಹದಿಮೂರು ವರ್ಷವಾಯಿತು. ನನಗೂ ಇದೇ ಭಯ ಇತ್ತು.

ಸಾಮಾನಿನ ಚಿಂತೆ ಬೇಡ. ರಾಗಿ ಹಿಟ್ಟು, ತೊಗರಿಬೇಳೆ, ಫ್ರೋಜನ್ ಕಾಯಿತುರಿ ಎಲ್ಲವೂ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತವೆ. ಸೂಪರ್‌ಮಾರ್ಕೆಟ್ಟಿನಲ್ಲಿ ಬೇಯಿಸಿ ಪ್ಯಾಕ್ ಮಾಡಿದ ಬೀಟ್‌ರೂಟ್ ಇರುತ್ತದೆ. ವಿನಿಗರ್ ಹಾಕದ್ದನ್ನು ನೋಡಿ ತೆಗೆದುಕೊಂಡರೆ ಐದು ನಿಮಿಷಕ್ಕೆ ಪಲ್ಯ.

ಕಷ್ಟ ಇರುವುದು ಮಧ್ಯಾಹ್ನ ಮೂರೂವರೆಗೆ. ಶಾಲೆ ಬಿಡುವ ಹೊತ್ತು ಅದು. ಊಟ ಹನ್ನೆರಡಕ್ಕೆಲ್ಲ ಮುಗಿದಿರುತ್ತದೆ. ನನ್ನ ಮಗಳು ಕೋಟು ಕೂಡ ಬಿಚ್ಚದೆ ಅಡುಗೆಮನೆಗೆ ಓಡಿ, ಡಬ್ಬಿಗೆ ಕೈ ಹಾಕಿ, ನಿಂತುಕೊಂಡೇ ನಾಲ್ಕು ಬಿಸ್ಕೆಟ್ ತಿನ್ನುತ್ತಿದ್ದಳು. ಆಮೇಲೆ ಒಂದು ಪ್ಯಾಕೆಟ್ ಕ್ರಿಸ್ಪ್ಸ್, ಅಂದರೆ ನಮ್ಮ ಆಲೂಗಡ್ಡೆ ಚಿಪ್ಸ್. ನಾನು ಊರಿನ ರೂಢಿಯಂತೆ ಎಂಟೂವರೆಗೆ ತಟ್ಟೆ ಹಾಕುತ್ತಿದ್ದೆ. ಅಷ್ಟು ಹೊತ್ತಿಗೆ ಅವಳಿಗೆ ನಿದ್ದೆ. ಅನ್ನ ಸಾರು ಹಾಗೇ ಆರಿ ಹೋಗುತ್ತಿತ್ತು. ಇಲ್ಲಿನ ರುಚಿ ಹತ್ತಿಬಿಟ್ಟಿದೆ, ಇನ್ನು ನಮ್ಮ ಊಟ ಸೇರುವುದಿಲ್ಲ ಎಂದು ಒಂದು ವರ್ಷ ಸಂಕಟಪಟ್ಟೆ. ಬೈದೆ ಕೂಡ. ಪಾಪ, ಅವಳದೇನೂ ತಪ್ಪಿರಲಿಲ್ಲ.

ಇಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಐದು, ಐದೂವರೆಗೆಲ್ಲ ರಾತ್ರಿ ಊಟ ಕೊಟ್ಟುಬಿಡುತ್ತಾರೆ. ಅದಕ್ಕೆ 'ಟೀ' ಅಂತಲೇ ಹೇಳುತ್ತಾರೆ. ನಾನೂ ಹಾಗೇ ಮಾಡಿದೆ. ಅದೇ ಹುಳಿ, ಅದೇ ಸೊಪ್ಪಿನ ಪಲ್ಯ, ಆದರೆ ಐದೂವರೆಗೆ. ಮೂರೂವರೆಗೆ ಒಂದು ಬಾಳೆಹಣ್ಣು, ಇಲ್ಲ ಸೌತೆಕಾಯಿ, ಅಷ್ಟೇ. ಎರಡು ವಾರದಲ್ಲಿ ತಟ್ಟೆ ಖಾಲಿಯಾಗತೊಡಗಿತು. ಇದಕ್ಕಾಗಿ ಬೇಳೆ ಬೆಳಿಗ್ಗೆಯೇ ಬೇಯಬೇಕು. ಯಜಮಾನರು ಬರುವುದು ಏಳಕ್ಕೆ, ಹಾಗಾಗಿ ವಾರದ ದಿನಗಳಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದಿಲ್ಲ. ಆ ಬೇಜಾರು ನನಗೆ ಇವತ್ತಿಗೂ ಇದೆ.

ಶಾಲೆಯ ಊಟಕ್ಕೆ ಹೆದರಬೇಡಿ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ 2014ರಿಂದ ರಿಸೆಪ್ಷನ್, ಇಯರ್ ವನ್, ಇಯರ್ ಟೂ, ಅಂದರೆ ಮೊದಲ ಮೂರು ತರಗತಿಗಳ ಮಕ್ಕಳಿಗೆಲ್ಲ ಮಧ್ಯಾಹ್ನದ ಊಟ ಉಚಿತ. ನಿಮ್ಮ ಮಗನಿಗೂ ಸಿಗುತ್ತದೆ. ಡಬ್ಬಿಯೇ ಕಳಿಸುತ್ತೇನೆ ಎಂದರೆ, ಫ್ಲಾಸ್ಕಿನ ಮುಚ್ಚಳ ಮಗುವಿನ ಕೈಯಲ್ಲಿ ತೆಗೆಸಿ ನೋಡಿ. ನಾನು ಬಿಸಿಬೇಳೆ ಬಾತ್ ತುಂಬಿ, ಬಿಗಿಯಾಗಿ ತಿರುಗಿಸಿ ಕಳಿಸಿದ್ದೆ. ಸಂಜೆ ಹಾಗೇ ವಾಪಸ್ ಬಂತು. ಮುಚ್ಚಳ ತೆಗೆಯಲು ಆಗಲಿಲ್ಲವಂತೆ, ಕೇಳಲು ನಾಚಿಕೆಯಾಯಿತಂತೆ.

ಶೇಂಗಾ ಚಟ್ನಿಪುಡಿ ಮಾತ್ರ ಶಾಲೆಗೆ ಬೇಡವೇ ಬೇಡ. ಅಲರ್ಜಿ ಇರುವ ಮಕ್ಕಳಿಗೆ ಪ್ರಾಣಕ್ಕೇ ಕುತ್ತು. ಒಂದು ಸಂಕ್ರಾಂತಿಗೆ ನಾನು ಕ್ಲಾಸಿಗೆಲ್ಲ ಎಳ್ಳು ಬೆಲ್ಲ ಕಟ್ಟಿಕೊಟ್ಟಿದ್ದೆ. ಟೀಚರ್ ಗೇಟಿನಲ್ಲೇ ಸಮಾಧಾನವಾಗಿ ವಾಪಸ್ ಕೊಟ್ಟರು. ಶೇಂಗಾ, ಎಳ್ಳು ಎರಡೂ ಅಲರ್ಜಿ ಪಟ್ಟಿಯಲ್ಲಿವೆ. ಅವರು ಮಾಡಿದ್ದೇ ಸರಿ.

ಅಂಗಡಿಯಲ್ಲಿ ಮೋಸ ಹೋಗುವುದು ಚಾಕೊಲೇಟಿನಿಂದ ಅಲ್ಲ, ಕಾರ್ಟೂನ್ ಚಿತ್ರ ಅಂಟಿಸಿದ ಹಣ್ಣಿನ ಮೊಸರಿನಿಂದ. ಪ್ಯಾಕೆಟ್ಟಿನ ಹಿಂದೆ 100 ಗ್ರಾಮಿಗೆ ಸಕ್ಕರೆ ಎಷ್ಟು ಎಂದು ಬರೆದಿರುತ್ತದೆ. 5 ಗ್ರಾಮಿನೊಳಗಿದ್ದರೆ ಕಡಿಮೆ, 22.5 ದಾಟಿದರೆ ಜಾಸ್ತಿ. ನಾಲ್ಕರಿಂದ ಆರು ವರ್ಷದ ಮಗುವಿಗೆ, ಹಣ್ಣು ಹಾಲಿನಲ್ಲಿ ತಾನಾಗಿ ಇರುವುದನ್ನು ಬಿಟ್ಟು, ದಿನಕ್ಕೆ 19 ಗ್ರಾಮಿಗಿಂತ ಹೆಚ್ಚು ಸಕ್ಕರೆ ಬೇಡ ಎಂದು ಇಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ. ಜ್ಯೂಸಿನ ಸಕ್ಕರೆಯೂ ಈ ಲೆಕ್ಕಕ್ಕೇ ಸೇರುತ್ತದೆ. ನಮ್ಮ ಮನೆಯಲ್ಲಿ ನಾನು ಸಾದಾ ಮೊಸರಿಗೆ ಮಾವಿನ ಹಣ್ಣು ಹಿಸುಕಿ ಕೊಡುತ್ತೇನೆ.

ಇನ್ನೊಂದು, ವಿಟಮಿನ್ ಡಿ. ಬಿಸಿಲು ಮೈಗೆ ಬಿದ್ದಾಗ ದೇಹ ತಯಾರಿಸಿಕೊಳ್ಳುವಂಥದ್ದು ಅದು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲೆ. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ಕೊಡಿ ಎನ್ನುತ್ತಾರೆ. ನಮ್ಮಂಥ ಮೈಬಣ್ಣದವರಿಗೆ ದೊಡ್ಡವರಾದ ಮೇಲೂ ಅದೇ ಸಲಹೆ. ಜೆಲ್ಲಿಯಂತೆ ಅಗಿದು ತಿನ್ನುವ ಮಕ್ಕಳ ಗಮ್ಮಿ ಮಾತ್ರೆಗಳಲ್ಲಿ ಎಷ್ಟೋ ಸಲ ಜೆಲಟಿನ್ ಇರುತ್ತದೆ. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು. ಸಸ್ಯಾಹಾರಿಗಳಾದರೆ ನೋಡಿಕೊಂಡು ಕೊಳ್ಳಿ, ಇಲ್ಲ ಡ್ರಾಪ್ಸ್ ಹಾಕಿ.

ಶಾಲೆಯ ಫಾರಂ ತುಂಬುವಾಗ ಸುಮ್ನೆ ವೆಜಿಟೇರಿಯನ್ ಎಂದು ಟಿಕ್ ಮಾಡಿ ಬಿಡಬೇಡಿ. ಇಲ್ಲಿ ವೆಜಿಟೇರಿಯನ್ ಎಂದರೆ ಮೊಟ್ಟೆ ಸೇರಿಯೇ. ತಿನ್ನುವುದಿಲ್ಲವಾದರೆ 'ಮೊಟ್ಟೆ ಬೇಡ' ಎಂದು ಪಕ್ಕದಲ್ಲಿ ಕೈಯಲ್ಲೇ ಬರೆಯಿರಿ. ಮೊದಲ ದಿನ ಹೋದಾಗ ಬಾಯಿಬಿಟ್ಟು ಹೇಳಿಯೂ ಬನ್ನಿ.