ಮೂವತ್ನಾಲ್ಕರಲ್ಲಿ ನರ್ಸಿಂಗ್: ಸೇರಲೇ, ಬಿಡಲೇ?

ಪ್ರಶ್ನೆ: ಅಕ್ಕ, ನನಗೆ 34 ವರ್ಷ. ಬಿ.ಕಾಂ. ಮುಗಿಸಿ ಹನ್ನೊಂದು ವರ್ಷಗಳಿಂದ ಠಾಣೆಯ ಸಾಗಣೆ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಕಳೆದ ವರ್ಷ ಅತ್ತೆಯವರಿಗೆ ಪಾರ್ಶ್ವವಾಯು ಬಡಿದಾಗ ಏಳು ತಿಂಗಳು ನಾನೇ ನೋಡಿಕೊಂಡೆ. ಈಗ ಅವರು ಕೋಲೂರಿ ನಡೆಯುತ್ತಾರೆ. ಅಂದಿನಿಂದ ನರ್ಸ್ ಆಗಬೇಕೆಂಬ ಆಸೆ ಹತ್ತಿದೆ. ಯಜಮಾನರು ‘ಹದಿನೆಂಟರ ಹುಡುಗಿಯರ ಜೊತೆ ಬೆಂಚಿನಲ್ಲಿ ಕೂರುತ್ತೀಯಾ?’ ಎನ್ನುತ್ತಾರೆ. ಒಂಬತ್ತು ವರ್ಷದ ಮಗಳಿದ್ದಾಳೆ. ಏನು ಮಾಡಲಿ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ಆ ಬೆಂಚಿನಲ್ಲಿ ನಾನು ಕೂತಿದ್ದೇನೆ, ತಂಗಿ. ಮಾಟುಂಗದ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದವಳು 31ನೆಯ ವಯಸ್ಸಿಗೆ ಜಿ.ಎನ್.ಎಂ. (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಎಂಬ ಡಿಪ್ಲೊಮಾ) ಸೇರಿದೆ. ಹಾಗಾಗಿ ಹೇಳುತ್ತೇನೆ: ಸೇರು, ಆದರೆ ಈ ವರ್ಷವೇ ಸೇರು. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಜಿ.ಎನ್.ಎಂ.ಗೆ ಗರಿಷ್ಠ ವಯಸ್ಸು 35. ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿರಬೇಕು. ಮೂರು ವರ್ಷದ ಜಿ.ಎನ್.ಎಂ.ಗೆ ವಿಜ್ಞಾನವೇ ಆಗಬೇಕೆಂದಿಲ್ಲ. ಮುಂದೆ ಮನಸ್ಸಾದರೆ ಜಿ.ಎನ್.ಎಂ. ಮುಗಿಸಿದವರಿಗೆಂದೇ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಪದವಿ ಇದೆ.

‘ಆರು ತಿಂಗಳಲ್ಲಿ ನರ್ಸ್’ ಎಂಬ ಬೋರ್ಡು ಕಂಡರೆ ಒಳಗೆ ಕಾಲಿಡಬೇಡ. ನಮ್ಮ ಚಾಳಿನ ಹುಡುಗಿಯೊಬ್ಬಳು ತಾಯಿಯ ಬಳೆ ಒತ್ತೆಯಿಟ್ಟು ಅಂಥ ಕಡೆ ದುಡ್ಡು ಕಟ್ಟಿದಳು. ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಣಿಯಾಗದೆ ಯಾರೂ ನರ್ಸ್ ಅಲ್ಲ ಎಂದು ಅವಳಿಗೆ ತಿಳಿದದ್ದು ಕೆಲಸ ಕೇಳಲು ಹೋದ ದಿನ. ಅದನ್ನು ನೆನೆದರೆ ಇಂದಿಗೂ ನನಗೆ ಸಿಟ್ಟು ಬರುತ್ತದೆ.

ಹನ್ನೊಂದು ವರ್ಷ ವ್ಯರ್ಥವಾಯಿತೆಂದು ಮಾತ್ರ ಭಾವಿಸಬೇಡ. ವಾರ್ಡಿನಲ್ಲಿ ದಿನವಿಡೀ ಜಮಾ-ಖರ್ಚೇ. ರೋಗಿಯ ಒಳಗೆ ಹೋದ ನೀರೆಷ್ಟು, ಮೂತ್ರವಾಗಿ ಹೊರಬಂದದ್ದೆಷ್ಟು ಎಂದು ಬರೆದಿಡಬೇಕು. ವ್ಯತ್ಯಾಸ ತೀರಾ ಹೆಚ್ಚಿದರೆ ಡಾಕ್ಟರನ್ನು ಎಬ್ಬಿಸಬೇಕು. ಒಂದು ಮಿಲಿಲೀಟರಿಗೆ 20 ಹನಿ ಬೀಳುವ ಡ್ರಿಪ್ ಕೊಳವೆಯ ಸೆಟ್ಟಿನಲ್ಲಿ 500 ಮಿ.ಲೀ. ಸಲೈನ್ ನಾಲ್ಕು ಗಂಟೆಯಲ್ಲಿ ಮುಗಿಯಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. ಗಡಿಯಾರ ನೋಡುತ್ತಾ ಎಣಿಸಬೇಕು. ಹದಿನೆಂಟರ ಹುಡುಗಿಯರು ತಡವರಿಸುವುದು ಇಲ್ಲಿಯೇ.

ಆದರೆ ಅತ್ತೆಯೊಬ್ಬರನ್ನು ನೋಡಿಕೊಳ್ಳುವುದು ಬೇರೆ, ರಾತ್ರಿಪಾಳಿಯಲ್ಲಿ ನಲವತ್ತು ಹಾಸಿಗೆ ನೋಡಿಕೊಳ್ಳುವುದು ಬೇರೆ. ನಮ್ಮ ವಾರ್ಡಿಗೆ ಒಮ್ಮೆ ಕುಂದಾಪುರದ ಕಡೆಯ ಅಡುಗೆಯವರೊಬ್ಬರು ಬಂದರು. ಮುಂಬಯಿ ಹೋಟೆಲುಗಳಲ್ಲಿ ನಲವತ್ತು ವರ್ಷ ದುಡಿದವರು. ಪಾರ್ಶ್ವವಾಯು ಬಡಿದ ಮೇಲೆ ಹಿಂದಿ, ಮರಾಠಿ ಎರಡೂ ಅಳಿಸಿಹೋಗಿ, ಊರಿನ ಕನ್ನಡವಷ್ಟೇ ತೊದಲಾಗಿ ಉಳಿದಿತ್ತು. ಬಡಬಡಿಕೆಯೆಂದು ಎಲ್ಲರೂ ದಾಟಿ ಹೋಗುತ್ತಿದ್ದರು. ನಾನು ಬಗ್ಗಿ ಕಿವಿಗೊಟ್ಟೆ: ‘ಹಿಮ್ಮಡಿ ಉರಿ, ಹಿಮ್ಮಡಿ ಉರಿ.’ ಚಾದರ ಸರಿಸಿದರೆ ಹಿಮ್ಮಡಿ ಕೆಂಪಾಗಿತ್ತು. ಬೆರಳಿಂದ ಒತ್ತಿದೆ, ಕೆಂಪು ಮಾಯವಾಗಲಿಲ್ಲ. ಹಾಸಿಗೆ ಹುಣ್ಣು ಶುರುವಾಗುವುದು ಹಾಗೆಯೇ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಯನ್ನು ಹಾಸಿಗೆಯಿಂದ ಎತ್ತಿ ಇಟ್ಟೆ, ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿದೆವು. ಹುಣ್ಣಾಗಲಿಲ್ಲ. ಅವರು ನನಗೇನೂ ಬಂಧುವಲ್ಲ. ಆ ರಾತ್ರಿ ಇನ್ನೂ ಮೂವತ್ತೊಂಬತ್ತು ಮಂದಿ ಇದ್ದರು. ಹೀಗೆ ಬಗ್ಗಿ ಕೇಳುವ ತಾಳ್ಮೆ ಪರರಿಗೂ ಉಳಿಯುತ್ತದೆಯೇ ಎಂದು ನಿನ್ನನ್ನೇ ಕೇಳಿಕೋ. ಪರಿಚಯದ ನರ್ಸ್ ಇದ್ದರೆ, ಅನುಮತಿ ಪಡೆದು ಒಂದು ದಿನ ವಾರ್ಡಿನಲ್ಲಿ ಕೂತು ನೋಡು.

ಮಗಳ ವಿಷಯ ನನ್ನನ್ನೂ ಕಾಡುತ್ತದೆ. ಹಲವು ನರ್ಸಿಂಗ್ ಶಾಲೆಗಳಲ್ಲಿ ಹಾಸ್ಟೆಲ್ ವಾಸ ಕಡ್ಡಾಯ. ನಾನು ಅದನ್ನು ಮೊದಲೇ ವಿಚಾರಿಸದೆ ಆರು ವರ್ಷದ ಮಗನನ್ನು ದಿಢೀರನೆ ಊರಿಗೆ, ಅಮ್ಮನ ಬಳಿಗೆ ಕಳುಹಿಸಿದೆ. ಆ ತಪ್ಪು ಇನ್ನೂ ಚುಚ್ಚುತ್ತದೆ. ನೀನು ಅರ್ಜಿಗೆ ಮುಂಚೆಯೇ ಕೇಳು, ಮನೆಗೆ ಹೋಗಿ ಬರಲು ಬಿಡುವ ಶಾಲೆ ಹುಡುಕು. ಮೂರು ವರ್ಷ ಮಗಳ ಟಿಫಿನ್ ಡಬ್ಬಿ ಯಾರು ಕಟ್ಟುತ್ತಾರೆ ಎಂಬುದನ್ನು ಯಜಮಾನರ ಜೊತೆ ಕೂತು ಈಗಲೇ ತೀರ್ಮಾನಿಸು. ಕೋಲೂರಿ ನಡೆಯುವ ಅತ್ತೆಯವರನ್ನೂ ಆ ಮಾತಿಗೆ ಕೂರಿಸಿಕೋ. ನಿನ್ನ ಪರ ಮೊದಲು ಮಾತಾಡುವವರು ಅವರೇ ಇರಬಹುದು.