ತಪ್ಪಿದ ದಿನದ ಮರುದಿನ

ಮಾನ್ಯ ಓದುಗರೇ,

ನಿಮ್ಮ ಪತ್ರವನ್ನು ಒಂದೇ ದಿನ ಎರಡು ಸಲ ಓದಿದೆ. 41 ದಿನ ಒಂದೂ ಬಿಡದೆ ಬೆಳಿಗ್ಗೆ ಒಂದು ಗಂಟೆ ವ್ಯಾಯಾಮ ಮಾಡಿದಿರಿ. 42ನೆಯ ದಿನ ಜ್ವರ ಬಂತು. ನಾಲ್ಕು ದಿನ ಹಾಸಿಗೆ ಹಿಡಿದು ಎದ್ದಾಗ ಮೊಬೈಲಿನಲ್ಲಿದ್ದ ಲೆಕ್ಕ ಸೊನ್ನೆಗೆ ಬಂದು ನಿಂತಿತ್ತು. ಆ ಸೊನ್ನೆಯನ್ನು ಕಂಡ ಮೇಲೆ ಐದು ವಾರಗಳಿಂದ ಬೂಟು ತೊಟ್ಟಿಲ್ಲ ಎಂದು ಬರೆದಿದ್ದೀರಿ. ಶಿಸ್ತು ನಿಮ್ಮ ಸ್ವಭಾವದಲ್ಲೇ ಇಲ್ಲವೇನೋ ಎಂಬುದು ನಿಮ್ಮ ಮೊದಲ ಸಂದೇಹ. ದಿನಕ್ಕೊಂದು ಗಂಟೆ ಕೊಡಲಾಗದಿದ್ದರೆ ಸ್ವಲ್ಪ ಮಾಡಿ ಏನು ಫಲ ಎಂಬುದು ಎರಡನೆಯದು.

ಕಟ್ಟುನಿಟ್ಟಿನ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ದಿನವೂ ಅದೇ ಹೊತ್ತಿಗೆ ಅದೇ ಕೆಲಸಕ್ಕೆ ಇಳಿದರೆ ಮನಸ್ಸು ಬೇಗ ಒಗ್ಗುತ್ತದೆ, ಲೆಕ್ಕ ಇಡುವುದರಿಂದ ಕೆಲವರಿಗೆ ಹುರುಪು ಬರುತ್ತದೆ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ದಿನ ತಪ್ಪಿದರೆ ಹಿಂದಿನ 41 ದಿನಗಳೂ ಅಳಿಸಿಹೋದವು ಎಂದು ಹೇಳುವ ಲೆಕ್ಕ ಸುಳ್ಳು ಲೆಕ್ಕ, ಮತ್ತು ನಿಮ್ಮಂಥ ಶ್ರದ್ಧಾವಂತರು ಅದನ್ನು ನಂಬಿ ಐದು ವಾರ ಮನೆಯಲ್ಲಿ ಕುಳಿತದ್ದು ನನಗೆ ನಿಜವಾಗಿಯೂ ಬೇಸರ ತಂದಿದೆ.

ನಮ್ಮ ಭಾಷೆಯಲ್ಲಿ 'ಅಭ್ಯಾಸ' ಎಂದರೆ ರೂಢಿ ಎಂದೂ ಹೌದು, ಮತ್ತೆ ಮತ್ತೆ ಮಾಡಿ ಕಲಿಯುವುದು ಎಂದೂ ಹೌದು. ಸಂಗೀತ ಕಲಿಯುವ ಮಗು ಜ್ವರ ಬಂದು ಒಂದು ವಾರ ಪಾಠಕ್ಕೆ ಹೋಗದಿದ್ದರೆ, ಅದು ಈವರೆಗೆ ಕಲಿತದ್ದೆಲ್ಲ ರದ್ದಾಯಿತೆಂದು ಯಾವ ಗುರುವೂ ಹೇಳುವುದಿಲ್ಲ. ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತಾರೆ. ದೇಹದ ಅಭ್ಯಾಸಕ್ಕೆ ಮಾತ್ರ ಬೇರೆ ನ್ಯಾಯ ಏಕೆ?

ಇದನ್ನು ಹೇಳುವಾಗ ನನ್ನ ಅನುಭವವೂ ಬೆನ್ನಿಗಿದೆ. 35ರಿಂದ 42ನೆಯ ವಯಸ್ಸಿನ ನಡುವೆ ನಾಲ್ಕು ಬಾರಿ ವ್ಯಾಯಾಮ ಶುರುಮಾಡಿ ನಾಲ್ಕು ಬಾರಿಯೂ ಬಿಟ್ಟೆ. ಪ್ರತಿ ಸಲವೂ ಮೊದಲ ವಾರವೇ ಒಂದು ಗಂಟೆ. ಮೂರನೆಯ ವಾರಕ್ಕೆ ಮಂಡಿನೋವು ಅಥವಾ ಕೆಲಸದ ಒತ್ತಡ. ಆರಂಭಶೂರತ್ವ ಎಂಬ ಮಾತನ್ನು ನಾವು ಬೈಗುಳದಂತೆ ಬಳಸುತ್ತೇವೆ, ಆದರೆ ಅದು ಒಂದು ಕಾರಣವನ್ನೂ ಹೇಳುತ್ತದೆ: ಶೌರ್ಯವೆಲ್ಲ ಆರಂಭದಲ್ಲೇ ಖರ್ಚಾದರೆ ಮುಂದಕ್ಕೆ ಉಳಿಯುವುದಿಲ್ಲ. ಐದನೆಯ ಬಾರಿ ಒಬ್ಬ ಹಿರಿಯ ವೈದ್ಯರು, ಸಂಜೆ ಮನೆಗೆ ಬಂದು ಚೀಲ ಇಳಿಸಿದ ಕೂಡಲೇ, ಕುಳಿತುಕೊಳ್ಳುವ ಮೊದಲು, ಹತ್ತು ನಿಮಿಷ ನಡೆದು ಬಾ ಎಂದಷ್ಟೇ ಹೇಳಿದರು. ಆ ಹತ್ತು ನಿಮಿಷ ತಾನಾಗಿ ನಲವತ್ತಾಯಿತು. ಅದಕ್ಕೆ ಈಗ 16 ವರ್ಷ. ನಡುವೆ ತಂದೆಯವರ ಕೊನೆಯ ದಿನಗಳಲ್ಲಿ ಎರಡು ತಿಂಗಳು ಪೂರ್ತಿ ನಿಂತಿತ್ತು. ಮತ್ತೆ ಹತ್ತು ನಿಮಿಷದಿಂದಲೇ ಎತ್ತಿಕೊಂಡೆ.

ಓದಿನಲ್ಲಿ ಕಂಡದ್ದೂ ಇದನ್ನೇ ಹೇಳುತ್ತದೆ. 21 ದಿನ ಮಾಡಿದರೆ ಯಾವುದೂ ರೂಢಿಯಾಗುತ್ತದೆ ಎಂಬ ಮಾತನ್ನು ನೀವೂ ಪತ್ರದಲ್ಲಿ ಉಲ್ಲೇಖಿಸಿದ್ದೀರಿ. ಅದರ ಮೂಲ, ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಒಂದು ಗಮನಿಕೆ. ಬದಲಾದ ಮುಖಕ್ಕೆ ರೋಗಿಗಳು ಹೊಂದಿಕೊಳ್ಳಲು ಕನಿಷ್ಠ ಸುಮಾರು 21 ದಿನ ಬೇಕು ಎಂದು ಅವರು ಹೇಳಿದ್ದರು. 'ಕನಿಷ್ಠ' ಎಂಬುದು ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕೆಲಸ ತಾನಾಗಿ ನಡೆಯುವ ಹಂತಕ್ಕೆ ಬರಲು ಬೇಕಾದ ಕಾಲ 18ರಿಂದ 254 ದಿನಗಳವರೆಗೆ ಹರಡಿತ್ತು. ನಡುವಿನ ಅಂಕಿ 66 ದಿನ. ನಿಮಗೆ ಬೇಕಾದ ಸಂಗತಿ ಅದೇ ಅಧ್ಯಯನದಲ್ಲಿದೆ: ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯೇನೂ ಆಗಲಿಲ್ಲ. ಅಮೆರಿಕದಲ್ಲಿ 61,000ಕ್ಕೂ ಹೆಚ್ಚು ಜಿಮ್ ಸದಸ್ಯರ ಮೇಲೆ 54 ಬಗೆಯ ಪ್ರೋತ್ಸಾಹಗಳನ್ನು ನಾಲ್ಕು ವಾರಗಳ ಕಾಲ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು, ತಪ್ಪಿಸಿಕೊಂಡವರು ಮತ್ತೆ ಬಂದಾಗ ಕೊಟ್ಟ ಅತ್ಯಲ್ಪ ಬಹುಮಾನ. ನಿಮ್ಮ ಮೊಬೈಲ್ ಮಾಡಿದ್ದು ಇದಕ್ಕೆ ನೇರ ವಿರುದ್ಧ. ಮರಳಿ ಬರಬೇಕಾದ ದಿನವೇ ಅದು ನಿಮಗೆ ಸೊನ್ನೆ ತೋರಿಸಿತು.

ದೇಹ ಜಡ್ಡುಗಟ್ಟಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಎಂದೂ ಬರೆದಿದ್ದೀರಿ. ಅದು ನಿಜವೇ ಇರಬೇಕು, ಆದರೆ ಅದನ್ನು ಸ್ವಭಾವದ ದೋಷವೆಂದು ತಿಳಿಯಬೇಡಿ. 1966ರಲ್ಲಿ ಡಲ್ಲಾಸ್‌ನಲ್ಲಿ 20ರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಿದ್ದರು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಕರೆಸಿ ನೋಡಿದಾಗ, ದುಡಿಮೆಯ ವೇಳೆ ಆಮ್ಲಜನಕ ಬಳಸಿಕೊಳ್ಳುವ ಅವರ ಶಕ್ತಿ ಮೂವತ್ತು ವರ್ಷಗಳಲ್ಲಿ ಕುಗ್ಗಿದ್ದು ಆ ಮೂರು ವಾರಗಳಲ್ಲಿ ಕುಗ್ಗಿದ್ದಕ್ಕಿಂತ ಕಡಿಮೆ ಇತ್ತು. ನಂತರ ಅವರಿಗೆ ನಿಧಾನವಾಗಿ ಹೆಚ್ಚಿಸುತ್ತ ಆರು ತಿಂಗಳು ತರಬೇತಿ ಕೊಟ್ಟಾಗ, ವಯಸ್ಸು ಕಸಿದುಕೊಂಡಿದ್ದ ಅಷ್ಟೂ ಶಕ್ತಿ ಮರಳಿ ಬಂತು. 50 ದಾಟಿದ ದೇಹ ಮೂವತ್ತು ವರ್ಷಗಳದ್ದನ್ನು ಹಿಂದಕ್ಕೆ ಪಡೆದಿರುವಾಗ ನೀವು ಐದು ವಾರಗಳಿಗೆ ಕೈಚೆಲ್ಲುವುದು ಸರಿಯೇ?

ಇನ್ನು ಒಂದು ಗಂಟೆಯ ವಿಚಾರ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಇರಬೇಕೆಂಬ ಹಿಂದಿನ ಷರತ್ತನ್ನೂ ಆಗ ತೆಗೆದುಹಾಕಿತು. 1953ರಲ್ಲಿ ಜೆರೆಮಿ ಮಾರಿಸ್ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ, ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರುಗಳಲ್ಲಿ ಹೃದ್ರೋಗ ಕುಳಿತೇ ಇರುತ್ತಿದ್ದ ಚಾಲಕರಿಗಿಂತ ಕಡಿಮೆ ಎಂದು ತೋರಿಸಿದರು. ಆ ಕಂಡಕ್ಟರುಗಳು ವ್ಯಾಯಾಮಕ್ಕೆಂದು ಗಂಟೆ ಮೀಸಲಿಟ್ಟವರಲ್ಲ, ಟಿಕೆಟ್ ಕೊಡುತ್ತಿದ್ದವರು.

ಹೀಗಿದ್ದೂ ಸ್ವಲ್ಪ ಮಾಡುವುದಕ್ಕೆ ಮರ್ಯಾದೆ ಇಲ್ಲದಂತಾದದ್ದು ಹೇಗೆ ಎಂದು ಯೋಚಿಸಿದರೆ ನನಗೆ ಸಿಟ್ಟು ಬರುತ್ತದೆ. ವರ್ಷದ ಶುಲ್ಕವನ್ನು ಮುಂಗಡ ಪಡೆದು, ಸದಸ್ಯರು ಬಾರದಿದ್ದರೂ ನಷ್ಟವಿಲ್ಲದಂತೆ ನಡೆಯುವ ವ್ಯಾಪಾರಗಳಿವೆ. ಮೂರು ತಿಂಗಳಲ್ಲಿ ಬೇರೆಯೇ ಮೈಕಟ್ಟು ಎಂದು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಜಾಹೀರಾತುಗಳಿವೆ. ಇವೆಲ್ಲಕ್ಕಿಂತ ಹಿಂದಿನದು, ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡದು, ಶಾಲೆಯ ಶಿಕ್ಷೆ. ತಡವಾಗಿ ಬಂದವನಿಗೆ ಮೈದಾನದ ಸುತ್ತು ಓಟ, ಪಾಠ ಒಪ್ಪಿಸದವಳಿಗೆ ಬಸ್ಕಿ. ಓಡುವುದು ಮಗುವಿನ ಸಹಜ ಸಂತೋಷ. ಅದನ್ನೇ ದಂಡನೆಯಾಗಿ ವಿಧಿಸಿದ ಮೇಲೆ, ದೊಡ್ಡವರಾದಾಗ ವ್ಯಾಯಾಮವೆಂದರೆ ತಪ್ಪಿಗೆ ತೆರುವ ದಂಡವೆಂಬ ಭಾವ ಒಳಗೆ ಉಳಿಯದೆ ಇರುತ್ತದೆಯೇ? ನಿಮ್ಮ ಪತ್ರದಲ್ಲಿ 'ತಪ್ಪು' ಎಂಬ ಪದ ಏಳು ಸಲ ಬಂದಿದೆ. ನಡಿಗೆಯ ಹಿತದ ಬಗ್ಗೆ, ಮೈ ಹಗುರವಾದದ್ದರ ಬಗ್ಗೆ, ನಿದ್ದೆಯ ಬಗ್ಗೆ ಒಂದು ಸಾಲೂ ಇಲ್ಲ. ಆ 41 ದಿನಗಳಲ್ಲಿ ಅವು ಒಮ್ಮೆಯೂ ಅನುಭವಕ್ಕೆ ಬರಲಿಲ್ಲವೆಂದು ನಾನು ನಂಬಲಾರೆ.

ಜ್ವರದ ಬಳಲಿಕೆ ಪೂರ್ತಿ ಹೋಗಿದೆಯೇ ಎಂದು ನಿಮ್ಮ ವೈದ್ಯರನ್ನು ಒಮ್ಮೆ ಕೇಳಿಕೊಳ್ಳಿ. ಅವರು ಒಪ್ಪಿದರೆ ಮೊದಲ ವಾರ ಹತ್ತು ನಿಮಿಷ ಸಾಕು, ಮನಸ್ಸು ಇನ್ನಷ್ಟು ಬೇಡಿದರೂ ಸಾಕು. ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋಗಿ. ಎರಡು ತಿಂಗಳ ನಂತರ ಮತ್ತೊಂದು ಪತ್ರ ಬರೆಯಿರಿ. ಎಷ್ಟು ದಿನ ಹೋದಿರಿ ಎಂಬುದನ್ನಲ್ಲ, ಎಷ್ಟು ಸಲ ಬಿಟ್ಟು ಮತ್ತೆ ಹೋದಿರಿ ಎಂಬುದನ್ನು ಬರೆಯಿರಿ, ಪ್ರಕಟಿಸುತ್ತೇನೆ.

— ಸಂಪಾದಕ