ನೀರು ನಿಲ್ಲುವ ಹುಲ್ಲುಗಾವಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಜೌಗುನೆಲದಲ್ಲಿ ಜಾನುವಾರು ಮೇಯಿಸುವವರಿಂದ ಬಂದ ಪ್ರಶ್ನೆಗಳಲ್ಲಿ ಆರನ್ನು ಈ ಬಾರಿ ಆರಿಸಿಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನಮ್ಮ ಹುಲ್ಲುಗಾವಲಿನಲ್ಲಿ ವರ್ಷಕ್ಕೆ ಮೂರು ನಾಲ್ಕು ತಿಂಗಳು ಮಾತ್ರ ನೀರು ನಿಲ್ಲುತ್ತದೆ, ಉಳಿದ ಕಾಲದಲ್ಲಿ ದನ ಮೇಯುತ್ತವೆ. ಇದನ್ನು ಜೌಗು ಪ್ರದೇಶ ಎನ್ನಬಹುದೇ?

ಖಂಡಿತ ಎನ್ನಬಹುದು. 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಸಹಿ ಬಿದ್ದ ಅಂತರರಾಷ್ಟ್ರೀಯ ಒಪ್ಪಂದವು ಜೌಗು ಪ್ರದೇಶಕ್ಕೆ ಕೊಟ್ಟಿರುವ ವ್ಯಾಖ್ಯೆ ಬಹಳ ವಿಶಾಲವಾದದ್ದು. ನೀರು ಸಹಜವಾಗಿ ನಿಂತಿರಲಿ ಮನುಷ್ಯರು ನಿಲ್ಲಿಸಿದ್ದಿರಲಿ, ಶಾಶ್ವತವಾಗಿರಲಿ ತಾತ್ಕಾಲಿಕವಾಗಿರಲಿ, ಸಿಹಿಯಾಗಿರಲಿ ಉಪ್ಪಾಗಿರಲಿ, ಎಲ್ಲವೂ ಅದರೊಳಗೆ ಬರುತ್ತವೆ. ಆದ್ದರಿಂದ ವರ್ಷವಿಡೀ ನೀರು ಕಾಣುವುದಿಲ್ಲ ಎಂಬ ಕಾರಣಕ್ಕೆ ನಿಮ್ಮ ನೆಲವನ್ನು ನೀವು ಕಡಿಮೆ ಎಣಿಸಬೇಕಾಗಿಲ್ಲ.

ಅಂಥ ನೆಲ ಮಾಡುವ ಕೆಲಸಗಳಲ್ಲಿ ಪ್ರವಾಹದ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದು ಎಲ್ಲರಿಗೂ ಕಾಣುವಂಥದು. ಕಾಣದ ಕೆಲಸ ಕೆಸರಿನೊಳಗೆ ನಡೆಯುತ್ತದೆ. ಆಮ್ಲಜನಕವಿಲ್ಲದ ತೇವದ ಮಣ್ಣಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಮೇಲಿನ ಹೊಲಗಳಿಂದ ಹರಿದು ಬಂದ ನೈಟ್ರೇಟನ್ನು ಒಡೆದು, ಅದರ ಬಹುಭಾಗವನ್ನು ನಿರಪಾಯಕಾರಿ ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ರಂಜಕದ ಕಥೆ ಬೇರೆ. ಅದು ಮಣ್ಣಿನ ಕಣಗಳಿಗೆ ಅಂಟಿಕೊಂಡು ಬಂದು ಇಲ್ಲಿ ತಂಗುತ್ತದೆ, ಆದರೆ ಮಾಯವಾಗುವುದಿಲ್ಲ. ಅತಿಯಾಗಿ ಶೇಖರವಾದರೆ, ನೀರು ನಿಂತ ಕಾಲದಲ್ಲಿ ಮತ್ತೆ ಕರಗಿ ಹೊರಬರಲೂಬಹುದು. ಹಾಗಾಗಿ ಜೌಗು ಎಲ್ಲವನ್ನೂ ಶುದ್ಧಮಾಡಿಬಿಡುತ್ತದೆ ಎಂದು ನಂಬಿ ಅದರ ಅಂಚಿನವರೆಗೂ ಗೊಬ್ಬರ ಸುರಿಯುವುದು ತಪ್ಪು ಲೆಕ್ಕ.

ಪ್ರಶ್ನೆ: ಪರಿಸರ ಉಳಿಯಬೇಕಾದರೆ ಜೌಗಿನೊಳಕ್ಕೆ ದನ ಎಮ್ಮೆಗಳನ್ನು ಬಿಡಲೇಬಾರದು ಎಂದು ಹಲವರು ಹೇಳುತ್ತಾರೆ. ಪೂರ್ತಿ ಬೇಲಿ ಹಾಕಿಬಿಡುವುದೇ ಸರಿಯಲ್ಲವೇ?

ಈ ಪ್ರಶ್ನೆಗೆ ತುಸು ವಿವರವಾಗಿಯೇ ಉತ್ತರಿಸಬೇಕು, ಏಕೆಂದರೆ ಸದುದ್ದೇಶದ ಬೇಲಿಯಿಂದಲೇ ಜೌಗು ಕೆಟ್ಟ ಉದಾಹರಣೆ ಇದೆ. ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ್ ರಾಷ್ಟ್ರೀಯ ಉದ್ಯಾನ ಸುಮಾರು 29 ಚದರ ಕಿಲೋಮೀಟರಿನ ಪಕ್ಷಿಧಾಮ. ಸುತ್ತಲಿನ ಹಳ್ಳಿಗಳ ಎಮ್ಮೆ ದನಗಳು ಅಲ್ಲಿ ತಲೆತಲಾಂತರದಿಂದ ಮೇಯುತ್ತಿದ್ದವು. 1982ರಲ್ಲಿ ಮೇಯಿಸುವುದನ್ನು ಸಂಪೂರ್ಣವಾಗಿ ನಿಷೇಧಿಸಲಾಯಿತು. ಪ್ರತಿಭಟಿಸಿದ ಗ್ರಾಮಸ್ಥರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರಿಂದ ಹಲವರು ಪ್ರಾಣ ಕಳೆದುಕೊಂಡರು. ನಿಷೇಧದ ನಂತರ ಹಕ್ಕಿಗಳಿಗೆ ಒಳ್ಳೆಯದಾಗುತ್ತದೆ ಎಂಬ ನಿರೀಕ್ಷೆಯಿತ್ತು. ಆದದ್ದು ಬೇರೆ. ಎಮ್ಮೆಗಳ ಬಾಯಿಗೆ ಸಿಕ್ಕು ಹತೋಟಿಯಲ್ಲಿದ್ದ ಪಾಸ್ಪಾಲಮ್ ಡಿಸ್ಟಿಕಮ್ ಎಂಬ ನೀರುಹುಲ್ಲು ಹಾಸಿಗೆಯಂತೆ ಹಬ್ಬಿ ತೆರೆದ ನೀರನ್ನು ಮುಚ್ಚಿತು, ಬಾತುಗಳಿಗೂ ಮೀನುಗಳಿಗೂ ಜಾಗ ಕಡಿಮೆಯಾಯಿತು. ವಿ.ಎಸ್. ವಿಜಯನ್ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅಲ್ಲಿ ನಡೆಸಿದ ದೀರ್ಘಕಾಲದ ಅಧ್ಯಯನವು, ಎಮ್ಮೆಗಳ ಮೇಯುವಿಕೆಯು ಆ ಜೌಗಿನ ಜೀವವ್ಯವಸ್ಥೆಯ ಒಂದು ಅಂಗವೇ ಆಗಿತ್ತು ಎಂಬ ತೀರ್ಮಾನಕ್ಕೆ ಬಂದಿತು. ಹುಲ್ಲು ಕೊಯ್ದು ಹೊರಗೆ ಸಾಗಿಸಲು ಗ್ರಾಮಸ್ಥರಿಗೆ ಆಮೇಲೆ ಅವಕಾಶ ಕೊಡಬೇಕಾಯಿತು.

ಇದನ್ನು ಓದಿ ಎಷ್ಟು ರಾಸು ಬೇಕಾದರೂ ಬಿಡಬಹುದು ಎಂದು ಭಾವಿಸುವವರಿಗೆ ನೆದರ್ಲೆಂಡ್ಸಿನ ಊಸ್ಟ್‌ಫಾರ್ಡರ್ಸ್‌ಪ್ಲಾಸೆನ್ ಜೌಗು ಇನ್ನೊಂದು ಮುಖ ತೋರಿಸುತ್ತದೆ. 1983ರಿಂದೀಚೆಗೆ ಅಲ್ಲಿ ಹೆಕ್ ತಳಿಯ ದನಗಳನ್ನೂ ಕೊನಿಕ್ ತಳಿಯ ಕುದುರೆಗಳನ್ನೂ ಕೆಂಪು ಜಿಂಕೆಗಳನ್ನೂ ಬಿಟ್ಟು, ಅವುಗಳ ಸಂಖ್ಯೆಗೆ ಮನುಷ್ಯರ ಮಿತಿ ಹಾಕದೆ ಪ್ರಕೃತಿಗೆ ಒಪ್ಪಿಸಲಾಯಿತು. ಸುತ್ತ ಬೇಲಿಯಿತ್ತು, ಬೇಟೆಯಾಡುವ ದೊಡ್ಡ ಪ್ರಾಣಿ ಯಾವುದೂ ಇರಲಿಲ್ಲ. ಹಿಂಡುಗಳು ಬೆಳೆದು ನೆಲವನ್ನು ಬೋಳಾಗಿಸಿದವು. 2017-18ರ ಚಳಿಗಾಲದಲ್ಲಿ ಸುಮಾರು ಮೂರು ಸಾವಿರ ಪ್ರಾಣಿಗಳು ಸತ್ತವು. ಅವುಗಳಲ್ಲಿ ಹೆಚ್ಚಿನವನ್ನು ಹಸಿವಿನಿಂದ ನರಳಿ ಸಾಯುವ ಮೊದಲೇ ಗುಂಡಿಟ್ಟು ಕೊಲ್ಲಬೇಕಾಯಿತು.

ಒಂದು ಕಡೆ ಬಾಯಿ ಸಾಲದೆ, ಇನ್ನೊಂದು ಕಡೆ ಬಾಯಿ ಹೆಚ್ಚಾಗಿ ಜೌಗು ಕೆಟ್ಟಿತು. ಬಿಡಬೇಕೇ ಬೇಡವೇ ಎಂದು ಕೇಳುವುದಕ್ಕಿಂತ ಎಷ್ಟು, ಯಾವಾಗ, ಎಷ್ಟು ದಿನ ಎಂದು ಕೇಳಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಒಂದು ಮಾತನ್ನು ಸೇರಿಸುತ್ತೇನೆ: ಪೂರ್ತಿ ಬೇಲಿ ಬೇಕಾದ ತಾವುಗಳೂ ಉಂಟು. ನೀರಿನ ಬುಗ್ಗೆಗಳ ಬಾಯಿ, ಒಮ್ಮೆ ತುಳಿದರೆ ದಶಕಗಟ್ಟಲೆ ಚೇತರಿಸಿಕೊಳ್ಳದ ಪಾಚಿ ಹಾಸಿನ ಜೌಗು, ಇವುಗಳನ್ನು ಗೊರಸಿನಿಂದ ದೂರವೇ ಇಡಬೇಕು.

ಪ್ರಶ್ನೆ: ಹಾಗಾದರೆ ಎಷ್ಟು ರಾಸುಗಳನ್ನು ಯಾವ ಕಾಲದಲ್ಲಿ ಬಿಡಬೇಕು? ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳೂ ನಮ್ಮಲ್ಲಿವೆ.

ಎಲ್ಲ ನೆಲಕ್ಕೂ ಹೊಂದುವ ಒಂದೇ ಸಂಖ್ಯೆ ಇಲ್ಲ. ಕ್ಯಾಲೆಂಡರಿಗಿಂತ ಗೊರಸಿನ ಗುರುತು ಒಳ್ಳೆಯ ಸಲಹೆಗಾರ. ಅಲ್ಲಲ್ಲಿ ಹೆಜ್ಜೆ ಮೂಡಿ, ನಡುವೆ ಹುಲ್ಲಿನ ಹೊದಿಕೆ ಹಾಗೆಯೇ ಉಳಿದಿದ್ದರೆ ಚಿಂತೆಯಿಲ್ಲ, ಆ ಚಿಕ್ಕ ಗುಂಡಿಗಳು ಕೀಟಗಳಿಗೂ ಕೆಸರು ಕೆದಕುವ ಹಕ್ಕಿಗಳಿಗೂ ಅನುಕೂಲವೇ. ಹೆಜ್ಜೆಗಳು ಒಂದರೊಳಗೊಂದು ಕೂಡಿ, ಹುಲ್ಲಿನ ಬೇರು ಕಿತ್ತು ಬಂದು, ನೀರು ಇಂಗದೆ ಕೆಸರಾಗಿ ನಿಲ್ಲತೊಡಗಿದರೆ ಅಂದೇ ರಾಸುಗಳನ್ನು ಎತ್ತರದ ಒಣನೆಲಕ್ಕೆ ಹೊಡೆಯಬೇಕು. ಇನ್ನೊಂದು ವಾರ ನೋಡೋಣ ಎಂದು ಕಾಯುವುದರಲ್ಲೇ ಮಣ್ಣು ಗಟ್ಟಿಯಾಗಿ ಅದುಮಿಹೋಗುತ್ತದೆ. ಹಾಗೆ ಅದುಮಿದ ಮಣ್ಣಿಗೆ ಮೊದಲಿನ ಸಡಿಲ ಮರಳಲು ವರ್ಷಗಳೇ ಬೇಕು. ಆದ್ದರಿಂದ ಜೌಗಿನಲ್ಲಿ ಮೇಯಿಸುವವರ ಕೈಯಲ್ಲಿ ತಪ್ಪಿಸಿಕೊಳ್ಳಲು ಒಂದಿಷ್ಟು ಒಣನೆಲ ಇರಲೇಬೇಕು. ಅದಿಲ್ಲದಿದ್ದರೆ ರಾಸುಗಳ ಸಂಖ್ಯೆಯನ್ನು ಇಳಿಸುವುದೊಂದೇ ದಾರಿ.

ಇನ್ನು ಹಕ್ಕಿಗಳ ವಿಷಯ. ಟಿಟ್ಟಿಭದಂಥವು ಸುಮಾರು ನಾಲ್ಕು ವಾರ ಕಾವು ಕೂರುತ್ತವೆ. ದಿನಕ್ಕೆ ನೂರು ಗೂಡುಗಳಲ್ಲಿ ಮೂರು ಮಾತ್ರ ತುಳಿತಕ್ಕೆ ಸಿಗುತ್ತವೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಕೇಳಲು ಅಲ್ಪವೆನಿಸುತ್ತದೆ. ಆದರೆ ಪ್ರತಿದಿನವೂ ಉಳಿದವುಗಳಲ್ಲಿ ಅದೇ ಪ್ರಮಾಣ ಕಳೆಯುತ್ತ ಹೋದರೆ 28ನೆಯ ದಿನಕ್ಕೆ ಉಳಿಯುವುದು ನಲವತ್ತಮೂರೇ ಗೂಡುಗಳು, ನರಿ ಕಾಗೆಗಳ ಪಾಲು ಇದಕ್ಕೆ ಸೇರಿಲ್ಲ. ಆದ್ದರಿಂದ ಕಾವಿನ ಆ ವಾರಗಳಲ್ಲಿ ರಾಸುಗಳ ಸಂಖ್ಯೆಯನ್ನು ತೀರ ಕಡಿಮೆಯಿಡಬೇಕು, ಸಾಧ್ಯವಿದ್ದರೆ ಬಿಡಲೇಬಾರದು. ಕಡಸುಗಳು, ಹೋರಿಗರುಗಳು ಶಾಂತವಾದ ಹಾಲಿನ ಹಸುಗಳಿಗಿಂತ ಹೆಚ್ಚು ಓಡಾಡಿ ಹೆಚ್ಚು ಗೂಡುಗಳನ್ನು ತುಳಿಯುತ್ತವೆ ಎಂಬುದನ್ನೂ ನೆನಪಿಡಿ. ಮರಿಗಳಾದ ಮೇಲೆ ಪರಿಸ್ಥಿತಿ ಬದಲಾಗುತ್ತದೆ. ಅವು ಹುಟ್ಟಿದ ಸ್ವಲ್ಪ ಹೊತ್ತಿಗೇ ಗೂಡು ಬಿಟ್ಟು ನಡೆಯುವುದರಿಂದ ಅವುಗಳಿಗೆ ಗಿಡ್ಡ ಹುಲ್ಲೂ ತೇವದ ಅಂಚೂ ಬೇಕು. ಆ ಗಿಡ್ಡ ಹುಲ್ಲು ಸಿಗಬೇಕಾದರೆ ಹಿಂದಿನ ಋತುವಿನ ಕೊನೆಯಲ್ಲಿ ನೀವು ಚೆನ್ನಾಗಿ ಮೇಯಿಸಿರಬೇಕು.

ಯಾವ ಪ್ರಾಣಿ ಎಂಬುದೂ ಮುಖ್ಯ. ದನ ನಾಲಿಗೆಯಿಂದ ಸುತ್ತಿ ಕೀಳುವುದರಿಂದ ಹುಲ್ಲು ಎತ್ತರ ತಗ್ಗಾಗಿ ಉಳಿಯುತ್ತದೆ, ಕುರಿ ಹೂವನ್ನೇ ಆರಿಸಿ ಬುಡದವರೆಗೆ ಕತ್ತರಿಸುತ್ತದೆ. ಎಮ್ಮೆ ನೀರಿಗಿಳಿದು ಒರಟು ಜೊಂಡನ್ನೂ ತಿನ್ನುತ್ತದೆ, ಅದು ಹೊರಳಿದ ಗುಂಡಿಯಲ್ಲಿ ನೀರು ನಿಂತು ಕಪ್ಪೆಗಳಿಗೆ ಮನೆಯಾಗುತ್ತದೆ.

ಪ್ರಶ್ನೆ: ರಾಸುಗಳು ನೀರು ಕುಡಿಯಲು ತೊರೆಗೇ ಇಳಿಯುತ್ತವೆ. ದಡ ಕುಸಿಯುತ್ತಿದೆ. ಅವುಗಳಿಗೆ ಲಿವರ್ ಫ್ಲೂಕ್ ಕೂಡ ಬರುತ್ತಿದೆ. ಏನು ಮಾಡಬೇಕು?

ಎರಡಕ್ಕೂ ಮದ್ದು ಬಹುಮಟ್ಟಿಗೆ ಒಂದೇ. ಲಿವರ್ ಫ್ಲೂಕ್ ಎಂಬ ಎಲೆಯಾಕಾರದ ಚಪ್ಪಟೆ ಹುಳುವಿನ ಮೊಟ್ಟೆ ಸಗಣಿಯ ಮೂಲಕ ನೀರು ಸೇರುತ್ತದೆ, ಅಲ್ಲಿ ಒಡೆದು ಬಂದ ಮರಿ ಚಿಕ್ಕದೊಂದು ಬಸವನಹುಳುವಿನ ಮೈ ಹೊಕ್ಕು ಬೆಳೆಯುತ್ತದೆ, ಮತ್ತೆ ಹೊರಬಂದು ನೀರಂಚಿನ ಹುಲ್ಲಿಗೆ ಅಂಟಿ ಕೂರುತ್ತದೆ. ಆ ಹುಲ್ಲನ್ನು ತಿಂದ ರಾಸು ಸೊರಗುತ್ತದೆ, ಗದ್ದದ ಕೆಳಗೆ ನೀರು ತುಂಬಿದ ಊತ ಕಾಣಿಸಬಹುದು. ಸಗಣಿ ನೀರಿಗೆ ಬೀಳದಂತೆಯೂ ರಾಸು ನೀರಂಚಿನಲ್ಲಿ ದಿನವಿಡೀ ನಿಲ್ಲದಂತೆಯೂ ನೋಡಿಕೊಂಡರೆ ಈ ಚಕ್ರಕ್ಕೆ ಎರಡು ಕಡೆ ತಡೆ ಬೀಳುತ್ತದೆ.

ಅದಕ್ಕಾಗಿ ತೊರೆಯಿಂದ ದೂರದಲ್ಲಿ, ಗಟ್ಟಿನೆಲದ ಮೇಲೆ ಕುಡಿಯುವ ತೊಟ್ಟಿಯನ್ನಿಡಿ. ಸೌರಶಕ್ತಿಯ ಪಂಪು ಆಗಬಹುದು, ದನವೇ ಮೂತಿಯಿಂದ ಒತ್ತಿ ನೀರೆತ್ತಿಕೊಳ್ಳುವ ಸರಳ ಪಂಪುಗಳೂ ಇವೆ. ಜಾರುವ ದಡಕ್ಕಿಂತ ತೊಟ್ಟಿಯೇ ರಾಸುಗಳಿಗೆ ಹಿತವೆನಿಸುವುದುಂಟು. ತೊಟ್ಟಿ ತುಂಬಿ ಸುತ್ತ ಹೊಸ ಕೆಸರಾಗದಂತೆ ತೇಲುಕವಾಟ ಇರಲಿ. ದಡದುದ್ದಕ್ಕೂ ಹುಲ್ಲು ಜೊಂಡಿನ ಪಟ್ಟಿಯೊಂದನ್ನು ಬಿಟ್ಟು ಬೇಲಿ ಹಾಕಿ, ಆದರೆ ಬೇಲಿಗೊಂದು ಬಾಗಿಲೂ ಇರಲಿ. ಪಟ್ಟಿಯೊಳಗೆ ಪೊದೆ ಬೆಳೆದು ನೀರೆಲ್ಲ ನೆರಳಾಗತೊಡಗಿದಾಗ, ನೆಲ ಒಣಗಿರುವ ಕೆಲವು ದಿನ ರಾಸುಗಳನ್ನು ಬಿಟ್ಟು ಮೇಯಿಸಿದರೆ ಸಾಕಾಗುತ್ತದೆ. ಈಗಾಗಲೇ ರೋಗ ತಗುಲಿದ ರಾಸುಗಳಿಗೆ ಪಶುವೈದ್ಯರಿಂದ ಸಗಣಿ ಪರೀಕ್ಷೆ ಮಾಡಿಸಿಯೇ ಔಷಧ ಕೊಡಿ.

ಪ್ರಶ್ನೆ: ಜಂತುನಾಶಕ ಔಷಧದಿಂದ ಜೌಗಿಗೆ ತೊಂದರೆಯೇ?

ತೊಂದರೆ ಉಂಟು. ಐವರ್‌ಮೆಕ್ಟಿನ್ ಗುಂಪಿನ ಔಷಧಗಳು ಸಗಣಿಯಲ್ಲಿ ಹೊರಬಿದ್ದು ಸಗಣಿ ಜೀರುಂಡೆಗಳನ್ನೂ ನೊಣಗಳ ಮರಿಗಳನ್ನೂ ಕೊಲ್ಲುತ್ತವೆ. ಸಗಣಿ ಕರಗುವುದು ತಡವಾಗುತ್ತದೆ, ಹಕ್ಕಿಗಳ ಆಹಾರವೂ ಕಡಿಮೆಯಾಗುತ್ತದೆ. ಹಿಂಡಿಗೆಲ್ಲ ಒಟ್ಟಾಗಿ ಕುಡಿಸುವ ಬದಲು ಅಗತ್ಯವಿರುವ ರಾಸಿಗಷ್ಟೇ ಕೊಡಿ, ಕೊಟ್ಟ ಮೇಲೆ ಕೆಲವು ವಾರ ಅದನ್ನು ಜೌಗಿನಿಂದ ಹೊರಗಿಡಿ.

ಪ್ರಶ್ನೆ: ಕಾಲುವೆಗಳನ್ನು ಆಳಮಾಡಿ ನೀರನ್ನು ಬೇಗ ಬಸಿದರೆ ಮೇವು ಹೆಚ್ಚುತ್ತದಲ್ಲವೇ? ಹೂಳೆತ್ತುವ ಸರಿಯಾದ ಕ್ರಮವನ್ನೂ ತಿಳಿಸಿ.

ಮೊದಲ ಕೆಲವು ವರ್ಷ ಹೆಚ್ಚಬಹುದು. ನಿಮ್ಮ ಮಣ್ಣು ಕಪ್ಪಾಗಿ, ಹಗುರವಾಗಿ, ಹಿಂಡಿದರೆ ಅರೆಕೊಳೆತ ಗಿಡದ ನಾರು ಕೈಗೆ ಸಿಗುವಂತಿದ್ದರೆ ಅದು ಪೀಟ್, ಅಂದರೆ ನೀರಿನಲ್ಲಿ ಪೂರ್ತಿ ಕೊಳೆಯದೆ ಉಳಿದ ಗಿಡಗಳಿಂದಾದ ಮಣ್ಣು, ಇರಬಹುದು, ಆಗ ಬಸಿಯುವ ಯೋಚನೆಯನ್ನು ಕೈಬಿಡಿ. ಭೂಮಿಯ ನೆಲಭಾಗದ ಸುಮಾರು ನೂರಕ್ಕೆ ಮೂರರಷ್ಟನ್ನು ಮಾತ್ರ ಆವರಿಸಿರುವ ಪೀಟ್ ನೆಲ, ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟಿದೆ. ನೀರು ಬಸಿದೊಡನೆ ಗಾಳಿ ಹೊಕ್ಕು ಅದು ಕೊಳೆಯತೊಡಗುತ್ತದೆ, ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ, ನೆಲವೇ ಕುಸಿಯುತ್ತದೆ. ಇಂಗ್ಲೆಂಡಿನ ಹೋಮ್ ಫೆನ್ ಎಂಬಲ್ಲಿ 19ನೇ ಶತಮಾನದ ಮಧ್ಯಭಾಗದಲ್ಲಿ, ಪಕ್ಕದ ಸರೋವರವನ್ನು ಬಸಿಯುವ ಹೊತ್ತಿಗೆ, ತಲೆ ನೆಲಮಟ್ಟಕ್ಕೆ ಸಮನಾಗುವಂತೆ ಹೂಳಿದ ಕಬ್ಬಿಣದ ಕಂಬ ಇಂದು ಸುಮಾರು ನಾಲ್ಕು ಮೀಟರ್ ಮೇಲೆದ್ದು ನಿಂತಿದೆ. ಎದ್ದದ್ದು ಕಂಬವಲ್ಲ, ತಗ್ಗಿದ್ದು ನೆಲ. ತಗ್ಗಿದ ನೆಲದಿಂದ ನೀರೆತ್ತಿ ಹಾಕಲು ಆಮೇಲೆ ಪಂಪು ಬೇಕಾಗುತ್ತದೆ.

ಪೀಟ್ ಅಲ್ಲದ ಮಣ್ಣಿನಲ್ಲಿಯೂ ನೀರನ್ನು ಬಸಿದುಹಾಕುವುದಕ್ಕಿಂತ ಬೇಕಾದಾಗ ತಡೆದು ಬೇಡವಾದಾಗ ಬಿಡುವ ಏರ್ಪಾಡು ಲೇಸು. ಕಾಲುವೆಯ ಬಾಯಿಗೆ ಎತ್ತಿ ಇಳಿಸಬಹುದಾದ ಹಲಗೆಗಳನ್ನು ಜೋಡಿಸಿದರೆ ಅಷ್ಟು ಸಾಕು. ಹಲಗೆಗಳನ್ನು ಒಂದೊಂದಾಗಿ, ವಾರಗಟ್ಟಲೆ ಅಂತರದಲ್ಲಿ ತೆಗೆಯುತ್ತ ಬಂದರೆ ನೀರು ಹಿಂದೆ ಸರಿದಂತೆ ಹೊಸ ಹೊಸ ಕೆಸರಂಚು ತೆರೆದು ಹಕ್ಕಿಗಳಿಗೆ ಉಣಿಸು ಸಿಗುತ್ತದೆ. ತುಂಬಿದ ಕಾಲುವೆಯೇ ರಾಸುಗಳಿಗೆ ಬೇಲಿಯಾಗಿಯೂ ನಿಲ್ಲುತ್ತದೆ, ನೀರು ಇಳಿದ ದಿನ ಅವು ಆಚೆಯ ಹೊಲಕ್ಕೆ ದಾಟಿದರೆ ದೂರಬೇಡಿ.

ಹೂಳನ್ನು ಮಾತ್ರ ಎತ್ತಲೇಬೇಕು, ಆದರೆ ಒಂದೇ ವರ್ಷದಲ್ಲಿ ಎಲ್ಲವನ್ನೂ ಅಲ್ಲ. ಒಟ್ಟು ಉದ್ದವನ್ನು ಮೂರು ನಾಲ್ಕು ಪಾಲು ಮಾಡಿ ವರ್ಷಕ್ಕೊಂದು ಪಾಲನ್ನು, ಅದರಲ್ಲೂ ಒಂದು ದಡವನ್ನಷ್ಟೇ ಮುಟ್ಟಿ, ಎದುರು ದಡದ ಜೊಂಡನ್ನು ಹಾಗೆಯೇ ಬಿಡಿ. ಹಕ್ಕಿ ಕಪ್ಪೆಗಳ ಸಂತಾನಕಾಲ ಮುಗಿದ ಮೇಲೆ ಕೆಲಸ ಹಿಡಿಯಿರಿ. ದಡವನ್ನು ಗೋಡೆಯಂತೆ ಕಡಿಯದೆ ಇಳಿಜಾರಾಗಿ ಕೆತ್ತಿಸಿ. ಎತ್ತಿದ ಹೂಳನ್ನು ಒಂದು ದಿನ ದಡದಲ್ಲೇ ಬಿಟ್ಟರೆ ಅದರೊಳಗಿನ ಜೀವಿಗಳಲ್ಲಿ ಹಲವು ತೆವಳಿ ನೀರಿಗೆ ಮರಳುತ್ತವೆ. ಆಮೇಲೆ ಅದನ್ನು ಹುಲ್ಲುಗಾವಲಿನ ತಗ್ಗುಗಳಿಗೆ ತುಂಬಬೇಡಿ. ನೀರು ಮೊದಲು ನಿಲ್ಲುವುದೂ ಕೊನೆಗೆ ಆರುವುದೂ ಆ ತಗ್ಗುಗಳಲ್ಲೇ. ಹೂಳಿಗೆ ಎತ್ತರದ ಹೊಲವೇ ಸರಿಯಾದ ಜಾಗ.